ಸಕಲ ಭಂಡಾರದ ಹೊಸ್ತಿಲ ಚಪ್ಪಲಿಗಳು

ಅಂದಿನ ಫಜೀತಿಗೆಲ್ಲ ಮೂಲ ಕಾರಣ ಬಾಗಿಲ ಮುಂದೆ ಒಂದೂ ಚಪ್ಪಲಿ ಇಲ್ಲದೇ ಇದ್ದದ್ದು.

ಗಂಗಾವತಿಯ ಅಕ್ಕಿ ಗಿರಣಿಯ ದೊಡ್ಡಬಸಪ್ಪನವರು ೧೯೯೮ರಲ್ಲಿ ‘ಸಕಲ ಭಂಡಾರ’ ಎಂಬ ಡಿಪಾರ್ಟ್‌ಮೆಂಟಲ್ ಸ್ಟೋರ್ ತೆರೆದಾಗ, ಅದರ ಹೊಳೆಯುವ ನೆಲ ನೋಡಿದ ಜನ ಹೊಸ್ತಿಲಲ್ಲೇ ಚಪ್ಪಲಿ ಕಳಚಿದರು. “ಹಾಕ್ಕೊಂಡ ಬರ್ರೀ” ಎಂದರೂ ಕೇಳಲಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಶಾಖೆಗಳು ಎದ್ದವು. ಅಲ್ಲೂ ಅದೇ ರೂಢಿ. ವ್ಯಾಪಾರ ಹೇಗಿದೆ ಎಂದು ತಿಳಿಯಲು ಒಳಗೆ ಹೋಗಬೇಕಾಗಿರಲಿಲ್ಲ. ಥರ್ಮಾಮೀಟರಿನ ಪಾದರಸ ನೋಡಿದಂತೆ ಹೊರಗಿನ ಚಪ್ಪಲಿ ರಾಶಿ ನೋಡಿದರೆ ಸಾಕಿತ್ತು.

ಹತ್ತು ವರ್ಷಗಳಲ್ಲಿ ಆ ಪಾದರಸ ತಳಕ್ಕಿಳಿಯಿತು. ಓಣಿಯ ಕಿರಾಣಿ ಅಂಗಡಿಯವರೂ ಅವೇ ಬಣ್ಣದ ಪ್ಯಾಕೆಟ್ಟುಗಳನ್ನು ತೂಗುಹಾಕಿದರು. ಮೇಲಾಗಿ ಗಿರಾಕಿಗಳ ಮಕ್ಕಳು ಮರಿ ಎಲ್ಲರ ಯೋಗಕ್ಷೇಮ ಕೇಳಿದರು. ದೀಪಾವಳಿಗೆ ಕುಷ್ಟಗಿ ಶಾಖೆ ಮುಚ್ಚಿತು, ಯುಗಾದಿಗೆ ಕೊಪ್ಪಳದ್ದು. ಈಗ ಯಲಬುರ್ಗಾದ ಮ್ಯಾನೇಜರ್ ಹಾಲೇಶನಿಗೆ ಬೆಳಿಗ್ಗೆಯೇ ದೊಡ್ಡಬಸಪ್ಪನವರ ಫೋನ್ ಬಂತು: “ಹನ್ನೆರಡಕ್ಕ ಬರ್ತೀನಿ. ಅಂಗಡಿ ನೋಡಿ ಏನರ ಒಂದು ತೀರ್ಮಾನ ಮಾಡೂಣು.”

ಹಾಲೇಶ ಹೊರಗೆ ಬಂದು ನೋಡಿದ. ಹೊಸ್ತಿಲ ಮುಂದೆ ಒಂದೂ ಚಪ್ಪಲಿ ಇರಲಿಲ್ಲ. ಅಂಗಡಿ ಹೋದರೆ ನೌಕರಿಯೂ ಹೋಯಿತು. ಬಿ.ಎಸ್ಸಿ. ಓದಿದವನಿಗೆ ಈ ಊರಲ್ಲಿ ಇನ್ನೊಂದು ಕುರ್ಚಿ ಎಲ್ಲಿದೆ? ಹೆಂಡತಿ ಸುನಿತಾಗೆ ಹೇಳುವುದಾದರೂ ಹೇಗೆ?

“ಗಿರಾಕಿ ಇಲ್ದಿದ್ರ ಏನಾತ್ರಿ ಸರ್ರ?” ಕಸ ಗುಡಿಸುತ್ತಿದ್ದ ಹುಸೇನಬೀ ಕಸಬರಿಗೆ ಕೆಳಗಿಟ್ಟಳು. “ಚಪ್ಪಲಿ ನಾ ತರ್ತೀನಿ, ತಡೀರಿ.”

ಅರ್ಧ ತಾಸಿನಲ್ಲಿ ಅವಳ ಓಣಿಯ ಹಳೆಯ ಚಪ್ಪಲಿಗಳು ಒಂದು ಚೀಲ ತುಂಬಿ ಬಂದವು. ಹಾಲೇಶ ಅವನ್ನು ಜೋಡಿ ಮಾಡಿ, ಆರು ಸಾಲಿನಲ್ಲಿ ಐದೈದರಂತೆ ಇಟ್ಟು, ದೂರ ನಿಂತು ನೋಡಿದ.

ಎದುರಿನ ದರ್ಜಿ ರಸೂಲಸಾಬ ಕೊರಳಿನ ಟೇಪಿನೊಂದಿಗೇ ಓಡಿಬಂದ. “ಇದೇನ್ರೀ ಮ್ಯಾನೇಜರ್ರ, ಸಾಲಿ ಹುಡುಗ್ರು ಕವಾಯತಿಗೆ ನಿಂತಂಗ ಐತಿ! ಮಂದಿ ಚಪ್ಪಲಿ ಬಿಡೂದು ಹಿಂಗನ?” ಕಾಲಿನಿಂದಲೇ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿ, ತನ್ನ ಜೋಡನ್ನೂ ಬಿಟ್ಟು ಬರಿಗಾಲಲ್ಲಿ ಹೋದ. “ನಂದೂ ಇರಲಿ, ನೆಪ್ಪಿಡ್ರಿ.”

ಫಲ ಕೂಡಲೇ ಕಂಡಿತು, ಆದರೆ ಬೇರೆ ಬಣ್ಣದಲ್ಲಿ. ಕಾಯಿಪಲ್ಯೆ ತರಲು ಹೊರಟಿದ್ದ ಮುದುಕಿ ಹಂಪವ್ವ ಇಷ್ಟೊಂದು ಚಪ್ಪಲಿ ಕಂಡವಳೇ ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದಳು.

“ಯಪ್ಪಾ ಹಾಲೇಶಾ, ಯಾರು ಹ್ವಾದ್ರೋ?”

“ಯಾರೂ ಹೋಗಿಲ್ಲಬೇ ಯವ್ವಾ! ಅಂಗಡಿ ಇದು, ಅಂಗಡಿ!”

“ಅಂಗಡೀನ ಹೋತನ? ಅಯ್ಯ ಶಿವನ, ಎಷ್ಟು ಛಲೋ ಅಂಗಡಿ ಇತ್ತೋ!” ಎಂದು ಮಾರಾಟದ ಸೋಫಾದಲ್ಲಿ ಕುಳಿತು ಮೂಗು ಒರೆಸಿಕೊಂಡಳು.

ಅವಳು ಅಳುವುದನ್ನು ನೋಡಿ ನಾಲ್ವರು ಹೆಂಗಸರು ಸಮಾಧಾನ ಹೇಳಲು ಬಂದರು. ಅವರನ್ನು ನೋಡಿ, ಏನೋ ಅಗ್ಗಕ್ಕೆ ಹಚ್ಚಿದ್ದಾರೆಂದು ಹತ್ತು ಮಂದಿ ನುಗ್ಗಿದರು. ಅಷ್ಟರಲ್ಲಿ ಹುಸೇನಬೀಯ ನೆರೆಯ ಪಕೀರಮ್ಮ ಬರಿಗಾಲಲ್ಲಿ ಧುಮುಧುಮು ಎನ್ನುತ್ತ ಬಂದಳು.

“ಹೊಲಕ್ಕ ಹೋಗಾಕ ಚಪ್ಪಲಿ ಹುಡುಕಿ ಹುಡುಕಿ ಸಾಕಾತು! ನನ್ನ ಕೇಳ್ದ ಯಾಕ ತಂದೀಯವಾ?”

“ಒಂದ ತಾಸು ತಡಕೋಳಾ, ನಿನ್ನ ಚಪ್ಪಲಿ ಡ್ಯೂಟಿ ಮ್ಯಾಲದಾವ!” ಎಂದಳು ಹುಸೇನಬೀ.

ಆ ಜಗಳ ಕೇಳಲು ಬಸ್‌ಸ್ಟ್ಯಾಂಡಿನ ಅರ್ಧ ಮಂದಿ ಬಂದರು. ಬಂದವರು ಚಪ್ಪಲಿ ಬಿಟ್ಟರು, ಹೋಗುವವರು ಸಿಕ್ಕಿದ್ದನ್ನು ಮೆಟ್ಟಿದರು, ಗೊತ್ತಾಗಿ ಮತ್ತೆ ವಾಪಸು ಬಂದರು. ಹೇಗೂ ಬಂದಿದ್ದೇವಲ್ಲ ಎಂದು ಒಬ್ಬ ಬಕೆಟ್ ಕೊಂಡ, ಇನ್ನೊಬ್ಬಳು ಸಾಬೂನು. ಹಂಪವ್ವನೂ ಕಣ್ಣೊರೆಸಿಕೊಂಡು ಒಂದು ಚಹಾಪುಡಿ ಪೊಟ್ಟಣ ಆರಿಸಿದಳು. ಹನ್ನೆರಡಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ದೊಡ್ಡಬಸಪ್ಪನವರ ಜೀಪು ಬಂತು. ಜೊತೆಗೆ ಬಿಳಿ ಅಂಗಿಯ ಅಪರಿಚಿತರೊಬ್ಬರು. ಅವರು ಒಳಗೆ ಬರುವ ಮುಂಚೆ ಬಗ್ಗಿ, ಬೆರಳು ಮಡಚಿ ಮಡಚಿ ಚಪ್ಪಲಿ ಲೆಕ್ಕ ಹಾಕಿದರು. ಆಮೇಲೆ ಇಬ್ಬರೂ ಮೂಲೆಯಲ್ಲಿ ನಿಂತು ಪಿಸುಗುಟ್ಟಿ ಕೈ ಕುಲುಕಿದರು. ದೊಡ್ಡಬಸಪ್ಪನವರು ಬಂದು ಹಾಲೇಶನನ್ನು ತಬ್ಬಿಕೊಂಡರು.

“ನೀ ಗೆದ್ದಿ ಬಿಡು ಹಾಲೇಶಾ!”

“ಹಂಗಾರ ಅಂಗಡಿ ಮುಚ್ಚಂಗಿಲ್ಲಲ್ರಿ ಸಾವ್ಕಾರ್ರ?” ಹಾಲೇಶನ ಕಣ್ಣು ತುಂಬಿತು.

“ಮುಚ್ಚೂದಾ? ಎಂದರ ಉಂಟನ! ಆರು ತಿಂಗಳಿಂದ ಇವರು ತಗೊಳ್ಳಾಕ ಹಿಂದಮುಂದ ನೋಡಾಕತ್ತಿದ್ರು. ಇವತ್ತ ಅಂಗಡಿ ಖಾಲಿ ಕಂಡಿದ್ರ ಒಲ್ಲೆ ಅಂದು ಹೋಗತಿದ್ರು. ಕೊಳ್ಳಾವ್ರಿಲ್ದ ನಾನೂ ನಿನ್ನ ಕೈಯಾಗನ ಹೆಂಗೋ ನಡಸಕೋಂತ ಇರಾವಿದ್ದೆ. ನಿನ್ನ ಪುಣ್ಯಾ, ನಿಂತ ನಿಲುವಿನ್ಯಾಗ ಮಾರಾಟ ಆತು!”

ಹಾಲೇಶ ಹೊಸ ಮಾಲೀಕರ ಕಡೆ ತಿರುಗಿ ಕೈ ಮುಗಿದ. ಅವರು ಅವನ ಎರಡೂ ಕೈಗಳನ್ನು ಪ್ರೀತಿಯಿಂದ ಹಿಡಿದುಕೊಂಡರು.

“ಭಾಳ ಛಲೋ ನಡಿಸೀರಿ ತಮ್ಮಾ. ಹಿಂಗ ತಾನ ನಡಿಯೋ ಅಂಗಡಿಗೆ ನಿಮ್ಮಂಥ ಶಾಣ್ಯಾರು ಯಾಕ ಬೇಕ್ರಿ? ನಮ್ಮ ಅಳಿಯಾ ಏನೂ ಬರದ ಸುಮ್ನ ಮನ್ಯಾಗ ಕುಂತಾನ. ನಾಳಿಂದ ಅವನ್ನ ಕುಂದ್ರಸ್ತೀನಿ.”