ಸಾಹೇಬರು ನಗುತ್ತಿದ್ದಾರೆ, ಹುಷಾರು

ಬೈಗುಳದಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ಯಾರಾದರೂ ಪ್ರೀತಿಯಿಂದ ಮಾತಾಡಿಸಿದಾಗಲೇ ಏನಾದರೊಂದು ಅನಾಹುತ ಆಗುವುದು. ಹಿರೇಹಳ್ಳಿಯಲ್ಲಿ ನೀರಿನ ಮೋಟಾರಿಗೆ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ನಾನು ಸೂಪರ್‌ವೈಸರ್. ಅಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದರೆ ಈ ಸಲದ್ದು ನನ್ನ ಬುಡಕ್ಕೇ ಬಂದಿತ್ತು.

ನಗು

ನಮ್ಮ ಮ್ಯಾನೇಜರ್ ಸಾಹೇಬರು ಬೆಂಗಳೂರಿಗೆ ಯಾವುದೋ ಟ್ರೈನಿಂಗಿಗೆ ಹೋಗಿ ಬಂದರು. ಹೋಗುವಾಗ ಸರಿಯಾಗಿಯೇ ಇದ್ದರು. ಗೇಟಿನಲ್ಲಿ ವಾಚ್‌ಮನ್‌ಗೆ ಬೈದೇ ಹೋಗಿದ್ದರು. ವಾಪಸ್ ಬಂದ ದಿನ ಅದೇ ವಾಚ್‌ಮನ್‌ಗೆ "ಗುಡ್ ಮಾರ್ನಿಂಗ್, ಹೇಗಿದೀರಾ?" ಅಂದರಂತೆ. ಅವನು ಹಿಂದೆ ತಿರುಗಿ ನೋಡಿದನಂತೆ, ಇನ್ಯಾರಾದರೂ ನಿಂತಿದ್ದಾರೇನೋ ಅಂತ.

ಆಮೇಲೆ ಸೂಪರ್‌ವೈಸರುಗಳಾದ ನಮ್ಮಿಬ್ಬರನ್ನೂ ಕರೆದರು. ಇನ್ನೊಬ್ಬ ಗುಬ್ಬಿಯವನು. ದಿನಾ ಟ್ರೈನಿನಲ್ಲಿ ಓಡಾಡುವವನು, ಕೆಲಸಕ್ಕೆ ಸೇರಿದಾಗಿನಿಂದ ನನ್ನ ಗೆಳೆಯ.

"ಇನ್ಮೇಲೆ ನಮ್ಮಲ್ಲಿ ಎಮೋಷನಲ್ ಇಂಟೆಲಿಜೆನ್ಸ್ ಇರ್ಬೇಕು," ಅಂದರು ಸಾಹೇಬರು. "ಅಂದ್ರೆ ಎದುರಿನವರ ಮನಸ್ಸನ್ನ ಅರ್ಥ ಮಾಡ್ಕೊಳ್ಳೋದು. ಹಾಂ, ಇನ್ನೊಂದು. ಎರಡು ಶಿಫ್ಟ್ ಒಂದಾಗ್ತಿದೆ. ನಿಮ್ಮಲ್ಲಿ ಒಬ್ಬರು ಇಲ್ಲಿರ್ತೀರಿ, ಒಬ್ಬರು ಬೇರೆ ಬ್ರಾಂಚಿಗೆ. ಹೊಸೂರೋ ಗುಜರಾತೋ ಇನ್ನೂ ಗೊತ್ತಿಲ್ಲ. ಯಾರು ಜನರ ಮನಸ್ಸು ಚೆನ್ನಾಗಿ ಅರ್ಥ ಮಾಡ್ಕೊಳ್ತೀರೋ ಅವರು ಇಲ್ಲಿ."

ಇಷ್ಟು ಹೇಳಿ ನಕ್ಕರು. ನನಗೆ ಮೊದಲು ನೆನಪಾದದ್ದು ಮನೆ. ಬಟವಾಡಿಯಲ್ಲಿ ಬಾಡಿಗೆ ಮನೆ, ನಡೆದು ಹೋಗುವಷ್ಟು ದೂರದ ಕ್ಲಿನಿಕ್ಕಿನಲ್ಲಿ ಹೆಂಡತಿಗೆ ಕೆಲಸ, ಮಗಳು ಈಗ ತಾನೇ ಅಳದೆ ಸ್ಕೂಲಿಗೆ ಹೋಗುತ್ತಿದ್ದಾಳೆ. ಇದನ್ನೆಲ್ಲ ಬಿಟ್ಟು ಎಲ್ಲಿಗೆ ಹೋಗಲಿ?

ಸಾಹೇಬರ ನಗುವಿನ ಸುದ್ದಿ ಮಧ್ಯಾಹ್ನದೊಳಗೆ ಇಡೀ ಫ್ಯಾಕ್ಟರಿಗೆ ಹಬ್ಬಿತು. ಯಾರನ್ನು ನೋಡಿ ನಕ್ಕರೋ ಅವರ ಕೆಲಸ ಹೋಯಿತು ಅಂತಲೇ ಎಲ್ಲರ ಲೆಕ್ಕ. ಅವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿ, ಸಾಹೇಬರು ಟ್ರೈನಿಂಗ್ ಮರೆತು ಕ್ಯಾಂಟೀನಿನವನಿಗೆ ಚೆನ್ನಾಗಿ ಬೈದರು. ಊಟಕ್ಕೆ ಕೂತಿದ್ದವರೆಲ್ಲ ಅವನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು.

ಮನೆಯಲ್ಲಿ ರಿಹರ್ಸಲ್

ಸಾಹೇಬರು ಹೇಳಿಕೊಟ್ಟಿದ್ದರು: ಎದುರಿನವರು ಏನು ಹೇಳುತ್ತಾರೋ ಅದನ್ನೇ ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಆಗ ಅವರಿಗೆ ಸಮಾಧಾನವಾಗುತ್ತದೆ. ಮೊದಲು ಹೆಂಡತಿಯ ಮೇಲೆ ಪ್ರಯೋಗ ಮಾಡಿದೆ.

"ಗ್ಯಾಸ್ ಮುಗಿಯಕ್ಕೆ ಬಂತು, ಇವತ್ತೂ ಬುಕ್ ಮಾಡ್ಲಿಲ್ಲ ನೀವು," ಅಂದಳು.

"ಅಂದ್ರೆ, ಗ್ಯಾಸ್ ಬುಕ್ ಮಾಡ್ಲಿಲ್ಲ ಅಂತ ನಿನ್ನ ಮನಸ್ಸಿಗೆ ಬೇಜಾರಾಗಿದೆ."

ಅವಳು ಸೌಟು ಕೆಳಗಿಟ್ಟಳು. "ರೀ, ಏನಾಗಿದೆ ನಿಮ್ಗೆ?"

"ಅಂದ್ರೆ, ನನಗೇನಾಗಿದೆಯೋ ಅಂತ ನಿನಗೆ ಚಿಂತೆ ಆಗ್ತಿದೆ."

"ಯಾರ ಸಾಲಕ್ಕಾದ್ರೂ ಶೂರಿಟಿ ಹಾಕಿದೀರಾ?"

"ಅಂದ್ರೆ, ನಾನು ಯಾರಿಗೋ ಶೂರಿಟಿ ಹಾಕಿದೀನಿ ಅಂತ ನಿನಗೆ ಅನುಮಾನ."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿಗಲ್ಲಿನ ತವರಿಗೆ ಫೋನ್ ಮಾಡಿದಳು. ಊಟದ ಹೊತ್ತಿಗೆ ಅವಳ ತಮ್ಮ ಬೈಕಿನಲ್ಲಿ ಬಂದಿಳಿದ. ಚಪ್ಪಲಿಯನ್ನೂ ಬಿಡದೆ ನೇರ ನನ್ನ ಹತ್ತಿರ ಬಂದು, "ಭಾವ, ಸ್ವಲ್ಪ ಬಾಯಿ ಬಿಡಿ" ಅಂದ. ಬಿಟ್ಟೆ. ಮೂಗು ಹತ್ತಿರ ತಂದು ಮೂಸಿದ. ಆಮೇಲೆ ಅಕ್ಕನ ಕಡೆ ತಿರುಗಿ ಬಹಳ ದುಃಖದಿಂದ ಹೇಳಿದ:

"ಕುಡ್ದಿಲ್ಲ ಕಣಕ್ಕ. ಕುಡ್ದಿದ್ರೇ ಎಷ್ಟೋ ವಾಸಿಯಾಗಿತ್ತು."

ನನ್ನಿಂದ ಆಗುತ್ತೆ

ನಮಗೆಲ್ಲ ಹುರುಪು ತುಂಬುವುದಕ್ಕೆ ಅಂತ ಒಬ್ಬ ಭಾಷಣಕಾರರು ಬಂದರು. ಕೋಟು ಹಾಕಿಕೊಂಡು ಶೆಡ್ಡಿನ ಮಧ್ಯೆ ನಿಂತು, "ಎಲ್ಲರೂ ಎದ್ದು ನಿಂತು ನನ್ನ ಜೊತೆ ಕೂಗಿ, ನನ್ನಿಂದ ಆಗುತ್ತೆ!" ಅಂದರು.

ಎಲ್ಲರೂ ಎದ್ದು ನಿಂತರು.

ಪ್ಯಾಕಿಂಗಿನ ಹೆಂಗಸೊಬ್ಬಳು ಕೇಳಿದಳು: "ಏನಾಗುತ್ತೆ ಅಂತ ಮೊದ್ಲು ಹೇಳಿ ಸಾರ್."

"ಏನು ಬೇಕಾದ್ರೂ ಆಗುತ್ತೆ ಅಮ್ಮಾ!"

"ಅದಕ್ಕೇ ನಾನು ಕೇಳಿದ್ದು. ಇವತ್ತು ನಾವು ಆಗುತ್ತೆ ಅಂತ ಕೂಗ್ತೀವಿ, ನಾಳೆ ಟಾರ್ಗೆಟ್ ಡಬಲ್ ಮಾಡ್ತಾರೆ. ನೀವೇ ಆಗುತ್ತೆ ಅಂದ್ರಲ್ಲ ಅಂತಾರೆ." ಅವಳು ಸಾಹೇಬರ ಕಡೆ ನೋಡಿದಳು. ಸಾಹೇಬರು ನಕ್ಕರು. ಅಷ್ಟು ಸಾಕಾಯಿತು, ಎಲ್ಲರೂ ದಬದಬ ಕೂತುಬಿಟ್ಟರು.

"ಹೋಗ್ಲಿ, ಪ್ರಯತ್ನ ಮಾಡ್ತೀನಿ ಅನ್ನಿ," ಅಂದರು ಭಾಷಣಕಾರರು. ಅದಕ್ಕೂ ಯಾರೂ ಒಪ್ಪಲಿಲ್ಲ. ಸಂತೆಯಲ್ಲಿ ತರಕಾರಿಗೆ ಮಾಡುವ ಹಾಗೆ ಅರ್ಧ ಗಂಟೆ ಚೌಕಾಸಿ ನಡೆಯಿತು. ಕೊನೆಗೆ ಒಂದು ಮಾತಿಗೆ ಎರಡೂ ಕಡೆಯವರು ಒಪ್ಪಿದರು. ಎಲ್ಲರೂ ಎದ್ದು ನಿಂತು, ಕೈ ಮೇಲೆತ್ತಿ, ಶೆಡ್ಡಿನ ಶೀಟು ನಡುಗುವ ಹಾಗೆ ಕೂಗಿದರು:

"ನೋಡೋಣ!"

ಅಪ್ಪ ಹೇಗಿದಾರೆ

ಪರೀಕ್ಷೆಯ ದಿನ ಬಂತು. ಸೂಪರ್‌ವೈಸರ್ ಒಬ್ಬ ಕೆಲಸಗಾರನ ಜೊತೆ ಮನಸ್ಸು ಬಿಚ್ಚಿ ಮಾತಾಡಬೇಕು, ಸಾಹೇಬರು ಮೂಲೆಯಲ್ಲಿ ಕೂತು ನೋಡುತ್ತಾರೆ. ಗೆಳೆಯನದು ಹಿಂದಿನ ದಿನವೇ ಸುಸೂತ್ರವಾಗಿ ಮುಗಿದಿತ್ತು. ನನ್ನ ಪಾಲಿಗೆ ಬಂದವನು ಲೇತ್ ಮಷೀನ್ ನಡೆಸುವ, ಹುತ್ರಿದುರ್ಗದ ಕಡೆಯ ಟರ್ನರ್. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ.

ಮಷೀನ್ ನಿಲ್ಲಿಸಿ ಅವನನ್ನು ಕರೆಸಿದೆ. ಕುರ್ಚಿಯಲ್ಲಿ ಕೂರಿಸಿದೆ. ಕಾಫಿ ತರಿಸಿ ಕೈಗೆ ಕೊಟ್ಟೆ.

"ಕುಡೀರಿ. ತಿಂಡಿ ಆಯ್ತಾ?" ಅಂದೆ. ಹೇಳಿಕೊಟ್ಟಿದ್ದ ಹಾಗೇ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದೆ: "ಅಪ್ಪ ಹೇಗಿದಾರೆ?"

ಅವನ ಮುಖ ಬಿಳಿಚಿಕೊಂಡಿತು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಮೊದಲು ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಹೊಟ್ಟೆಗೆ ಏನಾದರೂ ಬಿದ್ದಿದೆಯಾ ಅಂತ ವಿಚಾರಿಸುತ್ತಾರೆ, ಆಮೇಲೆ "ಯಾಕೋ ಸ್ವಲ್ಪ ಹುಷಾರಿಲ್ವಂತೆ" ಅಂತ ಶುರು ಮಾಡುತ್ತಾರೆ.

"ನಮ್ಮಪ್ಪಂಗೇನಾಯ್ತು ಸಾರ್?" ಅಂದ.

"ಏನೂ ಆಗಿಲ್ಲ, ಧೈರ್ಯವಾಗಿರಿ," ಅಂದೆ. ಧೈರ್ಯದ ಮಾತು ಎತ್ತಬಾರದಿತ್ತು.

ಅವನು ಮನೆಗೆ ಫೋನ್ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಗೊಳೋ ಅಂತ ಅಳಲು ಶುರು ಮಾಡಿದ. ಸಾಹೇಬರು ಓಡಿ ಬಂದು, ಕಲಿತದ್ದನ್ನು ಬಿಡಬಾರದು ಅಂತ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಸಾಹೇಬರೇ ತಬ್ಬಿಕೊಂಡ ಮೇಲೆ ಇನ್ನೇನು ಅನುಮಾನ? ಅವನ ಜೊತೆಯವರೆಲ್ಲ ಸೇರಿ ಫ್ಯಾಕ್ಟರಿಯ ಟೆಂಪೋ ತೆಗೆದರು, ಸಾಹೇಬರೂ ಹತ್ತಿದರು. ನಾನು ಬೇಡ ಬೇಡ ಅಂದಷ್ಟೂ "ಪಾಪ, ಇವ್ರಿಗೆ ಹೇಳಕ್ಕೆ ಬಾಯಿ ಬರ್ತಿಲ್ಲ" ಅಂದುಕೊಂಡರು. ಕುಣಿಗಲ್ಲಿನಲ್ಲಿ ನಿಲ್ಲಿಸಿ ಯಾರೋ ಒಂದು ಹಾರವನ್ನೂ ತಂದರು.

ಊರು ತಲುಪಿದಾಗ ಅಪ್ಪ ರಾಗಿ ಹೊಲದಿಂದ ಕುಡುಗೋಲು ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ಮಗ ಓಡಿ ಹೋಗಿ ಕಾಲು ಹಿಡಿದುಕೊಂಡ.

"ಏನ್ಲಾ ಇದು? ಯಾಕ್ಲಾ ಅಳ್ತೀಯಾ?" ಅಂದರು ಮುದುಕರು. ಟೆಂಪೋ ನೋಡಿದರು, ಹಾರ ನೋಡಿದರು.

ಸಾಹೇಬರೇ ಮುಂದೆ ಹೋಗಿ ಅವರ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದರು. "ಯಜಮಾನ್ರೇ, ಮೊದ್ಲು ಸ್ವಲ್ಪ ನೀರು ಕುಡೀರಿ. ಊಟ ಆಯ್ತಾ?"

ಮುದುಕರ ಕೈಯಿಂದ ಕುಡುಗೋಲು ಬಿತ್ತು.

"ಅಯ್ಯೋ, ನನ್ ಮಗಳಿಗೇನಾಯ್ತು ಸ್ವಾಮೀ!"

ಸಕ್ಕರೆ

ಮಾರನೆಯ ದಿನ ಸಾಹೇಬರು ಕರೆಸಿದರು. ನನ್ನ ಕಥೆ ಮುಗಿಯಿತು ಅಂತ ಗೊತ್ತಿತ್ತು. ಮಗಳನ್ನು ಯಾವ ಭಾಷೆಯ ಸ್ಕೂಲಿಗೆ ಹಾಕುವುದು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡೇ ಹೋಗಿದ್ದೆ.

"ಕೂತ್ಕೊಳ್ಳಿ," ಅಂದರು.

"ಬೇಡ ಸಾರ್, ನಿಂತೇ ಕೇಳ್ತೀನಿ. ನೇರವಾಗಿ ಹೇಳ್ಬಿಡಿ."

"ನೀವು ಇಲ್ಲೇ ಇರ್ತೀರಿ."

ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. "ಯಾಕೆ ಸಾರ್?"

ಸಾಹೇಬರು ನಿಟ್ಟುಸಿರು ಬಿಟ್ಟರು. "ಕೆಟ್ಟ ಸುದ್ದಿ ಹೇಳೋದು ನನ್ನ ಕೈಲಾಗಲ್ಲ ಕಣ್ರೀ. ಎಷ್ಟು ಟ್ರೈನಿಂಗ್ ಆದ್ರೂ ಬರ್ಲಿಲ್ಲ. ನೀವಾದ್ರೆ ಏನೂ ಹೇಳ್ದೇನೇ ಅರ್ಥ ಮಾಡಿಸಿಬಿಡ್ತೀರಿ. ಅಂಥವರು ನನಗೆ ಇಲ್ಲಿ ಬೇಕು. ನಿಮ್ಮ ಗೆಳೆಯರನ್ನ ಗುಜರಾತಿಗೆ ಹಾಕಿದೆ. ಹೋಗಿ ಹೇಳಿ."

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದ ಮೇಲೆ ಗೆಳೆಯನ ಮುಖ ನೆನಪಾಯಿತು. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಹೇಳಿ, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿಸಿದೆ.

ಗೆಳೆಯ ಮಷೀನಿನ ಪಕ್ಕ ನಿಂತಿದ್ದ. ಲೋಟ ಹಿಡಿದು ಬರುತ್ತಿದ್ದ ನನ್ನನ್ನು ದೂರದಿಂದಲೇ ನೋಡಿದ. ಕೈ ಒರೆಸಿಕೊಂಡು ಲೋಟ ತೆಗೆದುಕೊಂಡ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ಇಷ್ಟೊಂದ್ ಸಕ್ಕರೆ ಹಾಕ್ಸಿದೀಯಾ ಅಂದ್ರೆ ಹೊಸೂರಲ್ಲ ಕಣೋ," ಅಂದ. "ಗುಜರಾತೇ."