ಸ್ಪ್ರಿಂಗ್ ಮಾವ ಕಿತ್ತ ಕೀ

"ಮೂವತ್ತೆಂಟು ವರ್ಷ ಗಡಿಯಾರಕ್ಕೆ ಕೀ ಕೊಟ್ಟವನು ನಾನು! ಈ ಡಬ್ಬಕ್ಕೆ ಹೆದರ್ತೀನಾ?"

ಹೀಗೆ ಗುಡುಗಿದವರು ಸ್ಪ್ರಿಂಗ್ ಮಾವ. ಗಡಿಯಾರ ರಿಪೇರಿ ಅವರ ಕಸುಬು. ಒಂದೆಡೆ ಎರಡು ನಿಮಿಷ ಕೂರಲಾರರು ಎಂದು ಬೀದಿಯವರೆಲ್ಲ ಸೇರಿ ಕೊಟ್ಟ ಬಿರುದು 'ಸ್ಪ್ರಿಂಗ್'. ಡಬ್ಬ ಎಂದರೆ ಮನೆಯ ಕಂಪ್ಯೂಟರ್. ಅದು ಎದ್ದು ಕಣ್ಣುಬಿಡುವುದರೊಳಗೆ ಸ್ನಾನ ಮುಗಿಸಿ ತಲೆ ಒರೆಸಿಕೊಂಡು ಬರಬಹುದಿತ್ತು!

"ಹೆದರ್ಲೂಬೇಡಿ, ಮುಟ್ಲೂಬೇಡಿ," ಎಂದರು ಅತ್ತೆ, ಅಂದರೆ ಮಾವನ ಹೆಂಡತಿ. ಅವರು ಪತ್ರಿಕೆಗೆ ದಿನವೂ ಪದಬಂಧ ಕಟ್ಟುವವರು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. "ನಾಲ್ಕು ಗಂಟೆಗೆ ನಾಳೆಯ ಪದಬಂಧ ಹೋಗ್ಬೇಕು. ಒಂದೇ ಒಂದು ಸುಳಿವು ಬಾಕಿ, ಏನು ಮಾಡಿದ್ರೂ ಹೊಳೀತಿಲ್ಲ. ಮಹಡಿ ಮೇಲೆ ಸ್ವಲ್ಪ ಓಡಾಡಿ ಬರ್ತೀನಿ."

ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿ ಸದ್ದು ಕೇಳಿದ್ದೇ ತಡ, ಮಾವ ಕುರ್ಚಿಗೆ ಹಾರಿದರು! ಕೈಯಲ್ಲಿ ವಾರಪತ್ರಿಕೆಯಿಂದ ಕತ್ತರಿಸಿದ ಒಂದು ಪುಟ. ಕಂಪ್ಯೂಟರಿನ ಹೊಟ್ಟೆಯೊಳಗೆ 'ರಿಜಿಸ್ಟ್ರಿ' ಎಂಬ ದೊಡ್ಡ ದಫ್ತರವಿದೆಯಂತೆ. ಅದು ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಅಲ್ಲೇ ಬರೆದಿರುತ್ತದಂತೆ. ಅಲ್ಲಿನ ಒಂದೊಂದು ವಿಭಾಗಕ್ಕೂ 'ಕೀ' ಎಂದೇ ಹೆಸರಂತೆ! ಮಾವನಿಗೆ ಇನ್ನೇನು ಬೇಕು? 'ಏನನ್ನೇ ತಿದ್ದುವ ಮುನ್ನ ಒಂದು ನಕಲು ತೆಗೆದಿಟ್ಟುಕೊಳ್ಳಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. "ಇದು ಹೊಸಬರಿಗೆ," ಎಂದು ಮಾವ ಆ ಸಾಲನ್ನು ಹಾರಿಸಿದರು.

ದಫ್ತರ ತೆರೆಯಿತು. ಅಬ್ಬಬ್ಬಾ! ಕೀ ಒಳಗೆ ಕೀ, ಅದರೊಳಗೆ ಇನ್ನೊಂದು ಕೀ, ಬಗೆದಷ್ಟೂ ಆಳ! ಪರದೆಗೆ ಯಾವ ಬಣ್ಣ, ಮೌಸನ್ನು ಎಷ್ಟು ಬೇಗ ಎರಡು ಸಲ ಒತ್ತಬೇಕು, ಎಲ್ಲ ಬರೆದಿತ್ತು. ಎಂಟು ವರ್ಷದ ಹಿಂದೆ ಗುಜರಿಗೆ ಹಾಕಿದ ಪ್ರಿಂಟರಿನ ಹೆಸರು ಕೂಡ ಇತ್ತು! ಮಗಳು ಒಂದೇ ಒಂದು ದಿನ ಸಿಕ್ಕಿಸಿದ್ದ ಕ್ಯಾಮೆರಾ ಕೂಡ ಇತ್ತು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮನೆಯವರೇ ಮರೆತದ್ದನ್ನು ಈ ಡಬ್ಬ ಇಷ್ಟು ವರ್ಷ ನೆನಪಿಟ್ಟುಕೊಂಡು ಕೂತಿದೆಯಲ್ಲ ಎಂದು ಅವರ ಮೈ ಜುಮ್ಮೆಂದಿತು.

ಆದರೂ ಸ್ಪ್ರಿಂಗ್ ಸ್ಪ್ರಿಂಗೇ! ಕೀಬೋರ್ಡ್ ಎಂಬ ಕಡೆ ಎರಡು ಸಾಲು ಅಂಕಿ ಕಂಡವು. ಎರಡನೆಯದರಲ್ಲಿ ಐದು ಸೊನ್ನೆ, ಎರಡು ನಾಲ್ಕು, ಕೊನೆಗೊಂದು ಇಂಗ್ಲಿಷ್ 'ಬಿ'. "ಸೊನ್ನೆ ಕಟ್ಟಿಕೊಂಡು ಯಾರು ಉದ್ಧಾರವಾಗಿದ್ದಾರೆ? 'ಬಿ' ಅಂದ್ರೆ ಬಿಟ್ಟಾಕು ಅಂತಲೇ ಇರಬೇಕು!" 'ಖಂಡಿತ ಅಳಿಸಲೇ?' ಎಂದು ಕಂಪ್ಯೂಟರ್ ಕೇಳಿತು. ಮಾವ ಖಂಡಿತವಾಗಿ ಅಳಿಸಿದರು. ಎಷ್ಟು ಚುರುಕಾಯಿತು ನೋಡೋಣವೆಂದು ಆರಿಸಿ ಹಚ್ಚಿದರು.

ಅತ್ತೆ ಇಳಿದು ಬಂದು, ಕೂತು, ಇನ್ನೂ ಹೊಳೆಯದ ಸುಳಿವನ್ನು ಹೇಗೋ ಬರೆದು ನೋಡೋಣವೆಂದು ಗುಂಡಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ! ಮತ್ತೊಮ್ಮೆ ಒತ್ತಿದರು. ಮತ್ತೂ ಇಂಗ್ಲಿಷ್!

"ರೀ! ಕನ್ನಡ ಎಲ್ಲಿ?"

"ಎಲ್ಲಿ ಅಂದ್ರೆ? ಇಲ್ಲೇ ಮಾತಾಡ್ತಿದ್ದೀವಲ್ಲ!"

"ಏನು ಮುಟ್ಟಿದ್ರಿ?"

"ಒಂದೇ ಒಂದು ಸಾಲು ಕಣೇ. ಬರೀ ಸೊನ್ನೆ! ಕೀ ವಿಷಯ ನನಗೆ ಗೊತ್ತಿಲ್ವಾ?"

"ಇಷ್ಟು ವರ್ಷ ಕೀ ಕೊಟ್ಟಿದ್ರಿ. ಇವತ್ತು ಕಿತ್ತಿದ್ದೀರಿ!"

ಗಂಟೆ ಮೂರೂಮುಕ್ಕಾಲು. ಮಾವ ದಫ್ತರ ತೆರೆದು, ಮಾಡಿದ್ದನ್ನು ರದ್ದು ಮಾಡುವ ಗುಂಡಿಗೆ ತಡಕಾಡಿದರು. ಅಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ! ಕಿತ್ತರೆ ಕಿತ್ತ ಹಾಗೆಯೇ. ಈ ಮನೆಯ ಹತ್ತೊಂಬತ್ತು ವರ್ಷದ ಕನ್ನಡವೆಲ್ಲ ಐದು ಸೊನ್ನೆಗೆ ನೇತುಬಿದ್ದಿತ್ತೇ! ಅವಳ ವ್ರತವನ್ನು ಒಂದು ಬೆರಳಲ್ಲಿ ಮುರಿದೆನಲ್ಲ ಎಂದು ಹಣೆ ಚಚ್ಚಿಕೊಂಡರು.

ಪತ್ರಿಕೆಯಿಂದ ಫೋನು ಬಂತು. "ಅಮ್ಮಾ, ಇನ್ನೂ ಬಂದಿಲ್ವಲ್ಲ?"

"ಬರ್ತಾ ಇದೆ," ಎಂದು ಅತ್ತೆ ಫೋನಿಟ್ಟರು.

"ನಾನೇ ಕೈಯಲ್ಲಿ ಬರ್ಕೊಂಡು ಓಡ್ತೀನಿ," ಎಂದರು ಮಾವ, ಅಳುವ ದನಿಯಲ್ಲಿ.

"ನಿಮ್ಮ ಅಕ್ಷರ ಬಿಡಿಸೋಕೆ ಇನ್ನೊಂದು ಪದಬಂಧ ಬೇಕು. ಸರೀರಿ ಆ ಕಡೆ."

ಅತ್ತೆ ಒಂದು ಕಡತವನ್ನು ಹುಡುಕಿ ಒತ್ತಿದರು. ಅದರ ಹೆಸರು ಓದಿ ಮಾವ ಬಾಯಿ ಬಿಟ್ಟರು: 'ಇವರು ಕೈ ಹಾಕುವ ಮುನ್ನ'!

"ಬೆಳಿಗ್ಗೆ ಆ ಪುಟ ಕತ್ತರಿಸ್ತಿದ್ರಲ್ಲ, ಆಗಲೇ ನಕಲು ತೆಗೆದಿಟ್ಟೆ."

"ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರೇ?"

"ನೀವೇ! ಗಡಿಯಾರ ಬಿಚ್ಚೋ ಮುಂಚೆ ಯಾವ ಸ್ಕ್ರೂ ಎಲ್ಲಿತ್ತು ಅಂತ ಚೀಟೀಲಿ ಚಿತ್ರ ಬರೆದಿಟ್ಕೊಳ್ಳಲ್ವಾ?"

ಮಾವನಿಗೆ ದಫ್ತರ ಕಂಡಾಗ ಜುಮ್ಮೆಂದದ್ದಕ್ಕಿಂತ ಹೆಚ್ಚಾಗಿ ಈಗ ಮೈ ಜುಮ್ಮೆಂದಿತು. ಕಂಪ್ಯೂಟರ್ ಮತ್ತೆ ಹಚ್ಚಿದಾಗ ಕನ್ನಡ ಕನ್ನಡವಾಗಿಯೇ ಮೂಡಿತು. ಅತ್ತೆ ಪರದೆ ನೋಡಿ, ಗಂಡನನ್ನು ನೋಡಿ, ಇದ್ದಕ್ಕಿದ್ದಂತೆ ಕಿಸಕ್ಕೆಂದು ನಕ್ಕರು. ಬಾಕಿಯಿದ್ದ ಸುಳಿವನ್ನು ಪಟಪಟನೆ ಬರೆದು ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಕಳಿಸಿಯೇಬಿಟ್ಟರು.

ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಪೆನ್ಸಿಲ್ ಹಿಡಿದು ಪದಬಂಧಕ್ಕೆ ಕೂತರು. ಎಡದಿಂದ ಬಲಕ್ಕೆ, ಒಂಬತ್ತು: 'ಗಡಿಯಾರಕ್ಕೆ ಕೊಟ್ಟರೆ ಓಡುತ್ತದೆ, ಗಂಡನಿಗೆ ಕೊಟ್ಟರೆ ಮನೆಯೇ ನಿಲ್ಲುತ್ತದೆ (೨ ಅಕ್ಷರ)'.

ಮಾವ ಪೆನ್ಸಿಲ್ ಕೆಳಗಿಟ್ಟು ಪೆನ್ನು ತೆಗೆದುಕೊಂಡರು. ಒಂದು ಮನೆಯಲ್ಲಿ 'ಕೀ', ಪಕ್ಕದ ಮನೆಯಲ್ಲಿ 'ಲಿ' ಎಂದು ತೆಪ್ಪಗೆ ಬರೆದರು.