ಹ್ಯಾಬರ್ಡ್ಯಾಶರ್ ಅಂದರೆ ಯಾರು?

ಗಿರಾಕಿಗಳು ಬರುವುದು ಗುಂಡಿ, ದಾರ, ಗಲ್ಲಾದಲ್ಲಿ ಕೂತು ನಾನು ಹಚ್ಚಿಕೊಡುವ ಸೀರೆಯ ಫಾಲಿಗೆ. ಆದರೂ ವಾರಕ್ಕೊಬ್ಬರಾದರೂ ತಲೆಯೆತ್ತಿ ನಮ್ಮ ಬೋರ್ಡ್ ನೋಡಿ, ಏನಾದರೊಂದು ಕೇಳದೆ ಹೋಗುವುದಿಲ್ಲ. ಮೈಸೂರಿನ ಅಗ್ರಹಾರದ ನಮ್ಮ ಅಂಗಡಿಯ ಮೇಲೆ ಅಪ್ಪ ಬರೆಸಿದ್ದು ಒಂದೇ ಪದ: ‘ಹ್ಯಾಬರ್ಡ್ಯಾಶರ್’. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ. ಎಲ್ಲಿಂದ ತಂದರೋ, ಹೇಳದೆಯೇ ಹೋದರು.

ಪಾಲುದಾರನಾದ ನನ್ನ ತಮ್ಮನಿಗೆ ಅದನ್ನು ಕಂಡರಾಗದು. "ಅಣ್ಣ, ದಸರೆಯೊಳಗೆ ಒಬ್ಬ ಗಿರಾಕಿ ಇದರ ಅರ್ಥ ಸರಿಯಾಗಿ ಹೇಳ್ಲಿ, ಬೋರ್ಡ್ ಇರ್ಲಿ. ಇಲ್ಲಾಂದ್ರೆ ‘ಮ್ಯಾಚಿಂಗ್ ಸೆಂಟರ್’ ಅಂತ ಲೈಟ್ ಬೋರ್ಡ್ ಹಾಕಿಸ್ಬುಡ್ತೀನಿ" ಎಂದ. ನಾನು ಒಪ್ಪಿದೆ. ಅಪ್ಪನ ನೆನಪು ಗಿನಪು ಅಂತಲ್ಲ. ಚೆನ್ನಾಗಿ ನಡೆಯುತ್ತಿರುವ ಅಂಗಡಿಯ ಹಣೆಬರಹ ಅಳಿಸಿ, ಇರುವ ವ್ಯಾಪಾರವೂ ಕೆಟ್ಟರೆ ಯಾರು ಹೊಣೆ?

೧. ಮನೆತನ

ಬೋಗಾದಿಯಿಂದ ತಪ್ಪದೆ ಬರುವ ಟೈಲರ್ ಒಬ್ಬರನ್ನು ಮೊದಲು ಕೇಳಿದೆ.

"ಅಯ್ಯೋ, ಅದು ನಿಮ್ಮ ಮನೆತನದ ಹೆಸರಲ್ವಾ? ನೀವು ಪಾರ್ಸಿ ಜನ ತಾನೆ?"

"ನಾವಾ? ಹುಟ್ಟಿದ್ದು ಬೆಳೆದದ್ದು ಇದೇ ಬೀದಿ ಕಣ್ರೀ."

"ಅದಕ್ಕೇ ಮತ್ತೆ! ಪಾರ್ಸಿಯವರಾದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ ಮನೇಲಿ ಯಾವಾಗ್ಲೂ ಹೇಳ್ತಿರ್ತೀನಿ."

೨. ಮೇಷ್ಟ್ರು

ಲೈನಿಂಗ್ ಬಟ್ಟೆಗೆ ಹೆಂಡತಿಯ ಜೊತೆ ಬಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಹಿಂದೆ, ನೂರಾರು ವರ್ಷ ಹಿಂದೆ, ಹ್ಯಾಬರ್ಡ್ಯಾಶರ್ ಅಂದರೆ ಸಣ್ಣಪುಟ್ಟ ಸಾಮಾನು ಮಾರುವವನಂತೆ. ಆಮೇಲೆ ಅವರಲ್ಲೇ ಕೆಲವರು ಟೋಪಿ ವ್ಯಾಪಾರಕ್ಕೆ ಇಳಿದರಂತೆ, ಉಳಿದವರು ಸೂಜಿ ದಾರಕ್ಕೆ.

"ಸರಿ ಸಾರ್, ಪದದ ಮೂಲ?"

"ಒಂದು ಬಗೆ ಬಟ್ಟೆಯ ಹೆಸರಿಂದ ಬಂತು ಅಂತಾರೆ. ಅದೂ ಊಹೆ. ನಿಜ ಹೇಳಬೇಕಂದ್ರೆ ಯಾರಿಗೂ ಗೊತ್ತಿಲ್ಲ."

ನನಗೆ ಕುತೂಹಲ ಹೆಚ್ಚಿತು. ತಮ್ಮ ಮಾತ್ರ ನಕ್ಕ: "ಟೋಪಿನೋ ದಾರನೋ, ಒಂದೂ ಗಟ್ಟಿ ಇಲ್ಲ. ಹುಟ್ಟೂರು ಯಾವುದು ಅಂತ ಹೇಳದವನಿಗೆ ಮೈಸೂರಲ್ಲಿ ಬಾಡಿಗೆ ಮನೇನೂ ಕೊಡಲ್ಲ. ಇದಕ್ಕೆ ಅಂಗಡಿಯ ಹಣೆಯನ್ನೇ ಕೊಟ್ಟಿದ್ದೀವಿ!"

೩. ಗಂಡ ಹೆಂಡತಿ

ಯೋಗ ಕಲಿಯಲು ಬಂದಿದ್ದ ಜೋಡಿಯೊಂದು ಬೋರ್ಡಿನ ಫೋಟೋ ತೆಗೆಯುತ್ತ ನಿಂತಿತ್ತು. ಗಂಡ ಇಂಗ್ಲೆಂಡಿನವನು, ಹೆಂಡತಿ ಅಮೆರಿಕದವಳು. ನಾನೇ ಒಳಗೆ ಕರೆದು ಕೇಳಿದೆ.

"ಗುಂಡಿ, ದಾರ, ಟೇಪು ಮಾರುವವನು" ಎಂದ ಅವನು.

"ಅಲ್ಲವೇ ಅಲ್ಲ. ಗಂಡಸರ ಶರ್ಟು, ಟೈ ಮಾರುವವನು" ಎಂದಳು ಅವಳು.

ಇಬ್ಬರ ದನಿಯೂ ಏರಿತು. ಗಂಡ ಹೆಂಡಿರ ಮಧ್ಯೆ ನಾನೇಕೆ ಹೋಗಲಿ? ಅವನ ಮುಂದೆ ಗುಂಡಿಯ ಡಬ್ಬಿ ಸುರಿದೆ. ಪಕ್ಕದಂಗಡಿಯಿಂದ ಜುಬ್ಬ ತರಿಸಿ ಅವಳ ಮುಂದೆ ಹರವಿದೆ. ಅವಳು ಗಂಡನಿಗೆಂದು ಜುಬ್ಬ ಆರಿಸಿದಳು, ಅವನು ಅದಕ್ಕೊಪ್ಪುವ ಗುಂಡಿ ಆರಿಸಿದ. ಎರಡು ದೇಶದ ಅರ್ಥವೂ ಒಂದೇ ಚೀಲದಲ್ಲಿ ಹೊರಟಿತು.

ತಮ್ಮ ಜಗ್ಗಲಿಲ್ಲ. "ಈ ಪದ ಹುಟ್ಟಿಸಿದ ಜನರೇ ಒಂದು ಮಾತಿಗೆ ಬರ್ತಿಲ್ಲ ಅಣ್ಣ. ಅಗ್ರಹಾರದವರು ಬರ್ತಾರಾ?" ಎಂದವನೇ ವಿಜಯನಗರದ ಬೋರ್ಡಿನವರಿಗೆ ಫೋನ್ ಮಾಡಿ ಆರ್ಡರ್ ಕೊಟ್ಟುಬಿಟ್ಟ.

೪. ಏಣಿ

ದಸರೆ ಹತ್ತಿರವಾದಾಗ ಒಂದು ಬೆಳಿಗ್ಗೆ ತಮ್ಮನ ಫೋನ್ ಬಡಿದುಕೊಂಡಿತು. ಬೋರ್ಡಿನವನು.

"ಸಾರ್, ಅಗ್ರಹಾರಕ್ಕೆ ಬಂದಿವ್ನಿ. ಅಂಗಡಿ ಸಿಗ್ತಿಲ್ಲ."

"ಮ್ಯಾಚಿಂಗ್ ಸೆಂಟರ್ ಅಂತ ಕೇಳ್ರೀ."

"ಕೇಳ್ದೆ ಸಾರ್. ಅಂಗಂತ ಇಲ್ಲಿ ಯಾವ್ದೂ ಇಲ್ವಂತೆ."

ತಮ್ಮ ರೇಗಿದ. "ಹ್ಯಾಬರ್ಡ್ಯಾಶರ್ ಎಲ್ಲಿ ಅಂತ ಕೇಳ್ರೀ! ಹೂ ಮಾರೋರು, ಆಟೋದೋರು, ಯಾರು ಬೇಕಾದ್ರೂ ತೋರಿಸ್ತಾರೆ!"

ಮೇಷ್ಟ್ರಿಗೂ ಗೊತ್ತಿಲ್ಲದ ಅರ್ಥವೊಂದು ತಮ್ಮನ ಬಾಯಿಂದಲೇ ಬಂದಿತ್ತು: ಅಗ್ರಹಾರದಲ್ಲಿ ಆ ಪದಕ್ಕೆ ನಮ್ಮ ಬೀದಿಯ ತಿರುವು ಅಂತ ಅರ್ಥ.

ಬೋರ್ಡಿನವನು ಬಂದ, ಏಣಿ ಹತ್ತಿದ, ಹಳೆಯ ಬೋರ್ಡಿಗೆ ಸ್ಕ್ರೂಡ್ರೈವರ್ ಇಟ್ಟ, ಹಾಗೇ ನಿಂತ.

"ಸಾರ್, ಇದನ್ನ ಬಿಚ್ಬುಟ್ರೆ, ನಾಳೆ ನಿಮ್ ಲೈಟ್ ಕೆಟ್ಟೋದಾಗ ನಾನು ಏನಂತ ಕೇಳ್ಕೊಂಡು ಬರ್ಲಿ?"

ತಮ್ಮ ನನ್ನ ಮುಖ ನೋಡಲಿಲ್ಲ. ಬೀದಿ ನೋಡಿದ, ಏಣಿ ನೋಡಿದ.

"ಇಳೀರಿ" ಎಂದ. "ಆ ಹೊಸದನ್ನ ಒಳಗೆ, ಗಲ್ಲಾ ಮೇಲೆ ಹಾಕ್ಬುಡಿ. ನಮ್ಮಣ್ಣನಿಗೆ ಸೂಜಿ ಪೋಣಿಸೋಕೆ ಬೆಳಕು ಸಾಲ್ತಿರಲಿಲ್ಲ."